ಯಂತ್ರ ಅಗ್ಗವಾಯಿತು, ಉದ್ದಿನ ಗದ್ದೆ ಎಲ್ಲಿ?

ಟ್ರ್ಯಾಕ್ಟರ್, ಕಟಾವು ಯಂತ್ರ, ಉಳುಮೆಯ ಸಲಕರಣೆಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು. ಅದರ ಬೆನ್ನಿಗೇ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ 11,440 ಕೋಟಿ ರೂ.ಗಳ ದ್ವಿದಳ ಧಾನ್ಯ ಸ್ವಾವಲಂಬನೆ ಯೋಜನೆಗೆ ಚಾಲನೆ ನೀಡಿತು. ಭತ್ತದ ಕಟಾವಿನ ಬಳಿಕ ಖಾಲಿ ಬೀಳುವ ಗದ್ದೆ ಮುಂತಾದ ಕಡೆ ಹೆಚ್ಚುವರಿ 35 ಲಕ್ಷ ಹೆಕ್ಟೇರಿನಲ್ಲಿ ಬೇಳೆಕಾಳು ಬೆಳೆಸುವುದು ಅದರ ಗುರಿ. ಮುಂಬಯಿಯ ತುಳು-ಕನ್ನಡಿಗರು ಇದನ್ನು ಪಂಜಾಬಿನ ರೈತರ ಸುದ್ದಿ ಎಂದು ಪುಟ ಮಗುಚಬೇಕಾಗಿಲ್ಲ. ಊರಿನಲ್ಲಿ ನಮ್ಮ ಹೆಸರಿನ ಪಹಣಿ ಇರುವ ಗದ್ದೆಗಳಿಗೇ ಇದು ಸಂಬಂಧಪಟ್ಟದ್ದು.

ಕರಾವಳಿಯಲ್ಲಿ ಬೆಟ್ಟುಗದ್ದೆಗೆ ಒಂದು ಬೆಳೆ, ಮಜಲಿಗೆ ಎರಡು, ಬೈಲಿಗೆ ಮೂರು ಎಂಬುದು ಹಿರಿಯರ ಲೆಕ್ಕವಾಗಿತ್ತು. ಏಣೆಲು ಕೊಯ್ದ ಮೇಲೆ ಮಣ್ಣಿನ ಪಸೆ ಆರುವ ಮೊದಲೇ ಅನೇಕ ಕಡೆ ಉದ್ದು, ಹೆಸರು, ಅವಡೆ, ಹುರುಳಿ ಬಿತ್ತುತ್ತಿದ್ದರು. ಪ್ರತ್ಯೇಕ ನೀರು ಬೇಡ, ಗೊಬ್ಬರವೂ ಅಷ್ಟಾಗಿ ಬೇಡ. ಈ ಗಿಡಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ; ಮುಂದಿನ ಭತ್ತಕ್ಕೆ ಅಷ್ಟು ಯೂರಿಯಾ ಉಳಿತಾಯ. ಹಿರಿಯರಿಗೆ ಸಾರಜನಕದ ಹೆಸರು ಗೊತ್ತಿರಲಿಲ್ಲ, ಉದ್ದು ಬೆಳೆದ ಗದ್ದೆಯಲ್ಲಿ ಪೈರು ಕಪ್ಪು ಹಸಿರಾಗಿ ಬರುವುದು ಗೊತ್ತಿತ್ತು.

ಜನ ಮುಂಬಯಿಗೆ ಬಂದರು, ಕೂಲಿಯಾಳು ಸಿಗದಾಯಿತು, ಗದ್ದೆ ಹಡಿಲು ಬಿತ್ತು. ಆಗ ಕೈಹಿಡಿದದ್ದು ಯಂತ್ರವೇ. ಪವರ್ ಟಿಲ್ಲರ್, ನಾಟಿ ಯಂತ್ರ, ಕಟಾವು ಯಂತ್ರ ಬಂದ ಮೇಲೆ ಏಣೆಲು ಉಳಿಯಿತು ಎನ್ನಲು ಅಡ್ಡಿಯಿಲ್ಲ. 2014ರ ಬಳಿಕ ಕೃಷಿ ಯಂತ್ರಧಾರೆ ಕೇಂದ್ರಗಳು ಬಾಡಿಗೆಗೆ ಯಂತ್ರ ಒದಗಿಸಿದವು. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳನ್ನು ಮತ್ತೆ ಉತ್ತು ನೆಡುವ ದೊಡ್ಡ ಆಂದೋಲನ ನಡೆದದ್ದೂ ಯಂತ್ರದ ಬಲದಿಂದ. ಆದರೆ ಯಂತ್ರ ಉಳಿಸಿದ್ದು ಒಂದು ಬೆಳೆಯನ್ನು. ಕೊಯ್ಲಾದ ಮರುದಿನದಿಂದ ಜೂನ್ ತನಕ ಅದೇ ಗದ್ದೆ ದನ ಮೇಯುವ ಮೈದಾನ.

ತೆರಿಗೆ ಇಳಿಕೆಯಿಂದ ಇದು ಸರಿಹೋದೀತೇ? ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಲೆಕ್ಕ ಹಾಕುವ ಚಟ. ಹತ್ತು ಲಕ್ಷದ ಯಂತ್ರಕ್ಕೆ ಶೇ. 7ರಂತೆ ಎಪ್ಪತ್ತು ಸಾವಿರ ಉಳಿಯಿತು, ಸರಿ. ಆದರೆ ಕರಾವಳಿಯ ತುಂಡು ಗದ್ದೆಗಳಲ್ಲಿ ಕಟಾವು ಯಂತ್ರಕ್ಕೆ ಕೆಲಸವಿರುವುದು ಕೆಲವೇ ವಾರ. ಕಂತು ಮಾತ್ರ ಹನ್ನೆರಡು ತಿಂಗಳು. ಎರಡೆಕರೆಯವರು ಕೊಳ್ಳುವ ವಸ್ತು ಅದಲ್ಲ. ಬಾಡಿಗೆಯೇ ಗತಿ. ಬಾಡಿಗೆ ಯಂತ್ರ ಹೊರ ಜಿಲ್ಲೆ, ಹೊರ ರಾಜ್ಯದಿಂದ ಬರಬೇಕು, ನಮ್ಮ ಸರದಿ ಬರುವಾಗ ಪಸೆ ಆರಿರುತ್ತದೆ. ಬೇಗ ಬಂದರೆ ಹಸಿ ಗದ್ದೆಯಲ್ಲಿ ಚಕ್ರದ ಗುಂಡಿ.

ಇನ್ನು ಉದ್ದಿನ ಲೆಕ್ಕ. 2025-26ಕ್ಕೆ ಕ್ವಿಂಟಲಿಗೆ ಬೆಂಬಲ ಬೆಲೆ ಉದ್ದಿಗೆ 7,800 ರೂ., ಸಾಮಾನ್ಯ ಭತ್ತಕ್ಕೆ 2,369 ರೂ. ಎಕರೆಗೆ ಎರಡೇ ಕ್ವಿಂಟಲ್ ಬಂದರೂ 15,600 ರೂ. ಅದರ ಜತೆಗೆ ಹೊಸ ಯೋಜನೆಯಡಿ ತೊಗರಿ, ಉದ್ದು, ಮಸೂರವನ್ನು ನಾಲ್ಕು ವರ್ಷ ಬೆಂಬಲ ಬೆಲೆಗೆ, ನೋಂದಾಯಿತ ರೈತರು ಕೊಟ್ಟಷ್ಟೂ ಖರೀದಿಸುವ ಭರವಸೆಯಿದೆ. ದೇಶಕ್ಕೆ ಬರುವ ಆಮದು ಉದ್ದಿನ ದೊಡ್ಡ ಪಾಲು ಮ್ಯಾನ್ಮಾರ್‌ನದು. ಉಡುಪಿ ಹೋಟೆಲಿನವರ ಗದ್ದೆ ಊರಲ್ಲಿ ಖಾಲಿ, ಗ್ರೈಂಡರಿನಲ್ಲಿ ಬರ್ಮಾದ ಉದ್ದು!

ಹಾಗಿದ್ದೂ ಊರಿನವರು ಬಿತ್ತುವುದಿಲ್ಲ. ಕಾರಣ ಸೋಮಾರಿತನವಲ್ಲ. ಇಡೀ ಬೈಲಿನಲ್ಲಿ ಒಬ್ಬನೇ ಬಿತ್ತಿದರೆ ಊರಿನ ದನ, ನವಿಲು, ಹಂದಿ ಎಲ್ಲವೂ ಅವನ ಗದ್ದೆಗೇ. ಅಕ್ಕಪಕ್ಕದವರು ಒಟ್ಟಿಗೆ ಬಿತ್ತಿದರೆ ಬೇಲಿಯ ಖರ್ಚು, ಕಾವಲು ಹಂಚಿಹೋಗುತ್ತದೆ, ಯಂತ್ರವೂ ಒಂದೇ ಸಲಕ್ಕೆ ಬಂದು ಮುಗಿಸುತ್ತದೆ. ಆದರೆ ಪಕ್ಕದ ಗದ್ದೆಯವರನ್ನು ಕೇಳೋಣವೆಂದರೆ ಅವರು ಡೊಂಬಿವಿಲಿಯಲ್ಲಿ, ಅದರಾಚೆಯವರು ಮೀರಾರೋಡಿನಲ್ಲಿ.

ಬೇರೆಯವರಿಗೆ ಬಿಟ್ಟುಕೊಡಲು ನಮಗೆ ಭಯ. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಭೂಮಿ ಡಿಕ್ಲರೇಷನ್‌ನಲ್ಲಿ ಹೋದದ್ದನ್ನು ಕಂಡ ಮನೆತನಗಳಿವು. ಅಂದು ಉಳುವವನಿಗೆ ನ್ಯಾಯ ಸಿಕ್ಕಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೇಣಿಗೆ ಕೊಡುವುದೇ ಕಾನೂನುಬಾಹಿರವಾದ್ದರಿಂದ ಇಂದು ಬಾಯಿಮಾತಿನಲ್ಲಿ ಉಳುವವನ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಬೆಳೆ ಸಾಲ, ಬೆಂಬಲ ಬೆಲೆಯ ನೋಂದಣಿ ಎರಡಕ್ಕೂ ಪಹಣಿ ಬೇಕು. ಪಹಣಿಯಲ್ಲಿರುವುದು ಮುಂಬಯಿಯವರ ಹೆಸರು, ಬೆವರು ಬೇರೆಯವರದು. ಸರಕಾರ ಕೊಟ್ಟಷ್ಟೂ ಖರೀದಿಸುತ್ತೇವೆ ಎಂದರೆ ಅವನು ಯಾರ ಹೆಸರಿನಲ್ಲಿ ಮಾರಬೇಕು? ಉಳುವವನಿಗೆ ಸಾಲ ಸಿಗುವ, ಒಡೆಯನಿಗೆ ಭೂಮಿ ಉಳಿಯುವ ಒಂದು ವರ್ಷದ ಕರಾರನ್ನು ಕಾನೂನು ಒಪ್ಪದ ಹೊರತು ಯೋಜನೆಯ ಹಣ ನಮ್ಮ ಬೈಲುಗಳಿಗೆ ಇಳಿಯದು.

ಅದಕ್ಕೆ ಕಾಯದೆ ಮಾಡಬಹುದಾದ ಒಂದು ಕೆಲಸವಿದೆ. ಚೌತಿಗೋ ನವರಾತ್ರಿಗೋ ಊರಿಗೆ ಹೋಗುವಾಗ ಏಣೆಲು ಇನ್ನೂ ಗದ್ದೆಯಲ್ಲೇ ಇರುತ್ತದೆ. ಒಂದೇ ಬೈಲಿನ ಐದಾರು ಮನೆಯವರು ಮುಂಬಯಿಯಲ್ಲೇ ಮೊದಲು ಮಾತನಾಡಿಕೊಂಡು, ಬೇಲಿ ಮತ್ತು ಬಿತ್ತನೆ ಬೀಜದ ಖರ್ಚು ಹಾಕುತ್ತೇವೆ, ಬೆಳೆ ನಿಮಗೆ ಎಂದು ಊರಿನಲ್ಲಿ ಉಳುವವರಿಗೆ ಹೇಳಿದರೆ ನವೆಂಬರ್‌ನಲ್ಲಿ ಉದ್ದು ಬಿತ್ತಲು ಅವರಿಗೆ ಸಮಯ ಸಿಗುತ್ತದೆ.