ಆರೋಗ್ಯವಿರುವುದು ಏರುದಾರಿಯಲ್ಲಿ

ನಿಮ್ಮ ಮನೆಯ ಶೆಡ್ಡಿನಲ್ಲೋ ಮೆಟ್ಟಿಲ ಕೆಳಗೋ ಒಂದು ಗೇರ್ ಸೈಕಲ್ ಧೂಳು ತಿನ್ನುತ್ತಾ ನಿಂತಿದೆಯೇ? ಹೆಚ್ಚಿನ ಮನೆಗಳಲ್ಲಿ ಇದೆ. ಮಗ ಹಠ ಹಿಡಿದು ತೆಗೆಸಿಕೊಂಡದ್ದು. ದಪ್ಪ ಹಲ್ಲಿನ ಟಯರು, ಮುಂದೆ ಸ್ಪ್ರಿಂಗು, ಹಲವು ಗೇರು. ಗುಡ್ಡ ಹತ್ತಲೆಂದೇ ಮಾಡಿದ ಆ ಸೈಕಲ್ ಅಂಗಡಿಗೆ ಹಾಲು ತರಲು ಹೋದದ್ದು ಬಿಟ್ಟರೆ ಗುಡ್ಡವನ್ನೇ ಕಂಡಿಲ್ಲ. ಗುಡ್ಡವಾದರೋ ನಿಮ್ಮ ಮನೆಯ ಹಿಂದೆಯೇ ಇದೆ.

ಕರಾವಳಿಯ ಗೇರು ತೋಪು, ಅಕೇಶಿಯಾ ಪ್ಲಾಂಟೇಶನ್‌ಗಳ ನಡುವಿನ ಕೆಂಪು ಮಣ್ಣಿನ ದಾರಿಗಳು, ಚಿಕ್ಕಮಗಳೂರು ಮತ್ತು ಕೊಡಗಿನ ಕಾಫಿ ತೋಟಗಳ ನೆರಳಿನ ರಸ್ತೆಗಳು, ಮಲೆನಾಡಿನ ಊರಿಂದೂರಿಗೆ ಹೋಗುವ ಕಾಲುದಾರಿಗಳು, ಇವೆಲ್ಲ ಈ ಸೈಕಲ್ಲಿಗೆ ಹೇಳಿ ಮಾಡಿಸಿದ ಜಾಗಗಳು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ಕೆಲವು ಯುವಕರು ಹಳೆಯ ಸೈಕಲ್‌ಗಳನ್ನು ತಾವೇ ಗಟ್ಟಿಗೊಳಿಸಿ ಬೆಟ್ಟದ ಮಣ್ಣುದಾರಿಯಲ್ಲಿ ಓಡಿಸಿದಾಗ ಈ ಹವ್ಯಾಸ ಬೆಳೆಯಿತು. 1996ರಲ್ಲಿ ಅದು ಒಲಿಂಪಿಕ್ಸ್‌ಗೂ ಸೇರಿತು. ಬ್ರಿಟನ್ನಿನ ಕಾಡುಗಳಲ್ಲಿ ಇಂಥ ದಾರಿಗಳಿಗೆ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಗುರುತು ಹಾಕಿರುತ್ತಾರೆ. ಹಸಿರು ಮನೆಮಂದಿಗೆ, ಕಪ್ಪು ಪಳಗಿದವರಿಗೆ. ನಮ್ಮಲ್ಲಿ ಅಂಥ ಫಲಕಗಳಿಲ್ಲ. ದಾರಿಯ ಬಣ್ಣವನ್ನು ನಾವೇ ನಮ್ಮ ವಿವೇಕದಿಂದ ನಿರ್ಧರಿಸಬೇಕು.

ಇಲ್ಲಿಯೇ ನನ್ನ ತಕರಾರು ಇರುವುದು. ಇತ್ತೀಚೆಗೆ ನಮ್ಮ ಹುಡುಗರಲ್ಲಿ ಕೆಲವರು ಗುಡ್ಡಕ್ಕೆ ಹೋಗುತ್ತಿದ್ದಾರೆ, ಸಂತೋಷ. ಆದರೆ ಹೋಗುವ ರೀತಿ ಹೇಗೆ? ಸೈಕಲ್‌ಗಳನ್ನು ಪಿಕಪ್ಪಿಗೆ ಹೇರಿ ತುದಿಯವರೆಗೆ ಒಯ್ಯುತ್ತಾರೆ. ಅಲ್ಲಿಂದ ಎದೆ ನಡುಗಿಸುವ ವೇಗದಲ್ಲಿ ಇಳಿಯುತ್ತಾರೆ, ವೀಡಿಯೋ ಮಾಡುತ್ತಾರೆ. ಇಳಿಯುವುದಕ್ಕೂ ಕೌಶಲ ಬೇಕು, ತೋಳು ಮತ್ತು ಸೊಂಟಕ್ಕೆ ಅದರಲ್ಲೂ ಕೆಲಸವಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಹೃದಯಕ್ಕೆ, ಶ್ವಾಸಕೋಶಕ್ಕೆ, ರಕ್ತದ ಸಕ್ಕರೆಗೆ ಹೆಚ್ಚು ಒಳಿತಾಗುವುದು ಹತ್ತುವಾಗ. ಗಾಯಗಳು ಹೆಚ್ಚಾಗುವುದು ಇಳಿಯುವಾಗ. ಲಾಭವನ್ನು ವಾಹನಕ್ಕೆ ಕೊಟ್ಟು ನಷ್ಟವನ್ನು ಮಾತ್ರ ಇಟ್ಟುಕೊಳ್ಳುವುದು ಯಾವ ವ್ಯಾಪಾರ?

ನನ್ನ ಅನುಭವವನ್ನೇ ಹೇಳುತ್ತೇನೆ. ನಲ್ವತ್ತನಾಲ್ಕನೇ ವಯಸ್ಸಿನಲ್ಲಿ ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಗಲ್ಫಿನಲ್ಲಿ ವರ್ಷಗಟ್ಟಲೆ ಕೂತು ದುಡಿದು ಬಂದವನಿಗೆ ಅದೇನೂ ಆಶ್ಚರ್ಯವಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಈ ಕಾಯಿಲೆ ಇದೆ. ವೈದ್ಯರು ವ್ಯಾಯಾಮ ಮಾಡಿ ಎಂದರು. ಮಗ ಬಿಟ್ಟ ಸೈಕಲ್ಲಿಗೆ ಗಾಳಿ ಹಾಕಿಸಿ, ಸುಬ್ಹ್ ನಮಾಝಿನ ನಂತರ ಗೇರು ಗುಡ್ಡದ ದಾರಿ ಹಿಡಿದೆ. ಮೊದಲ ದಿನ ಎರಡನೇ ತಿರುವಿನಲ್ಲೇ ಇಳಿದು ತಳ್ಳಿದೆ. ತುದಿಯವರೆಗೆ ಇಳಿಯದೆ ಹೋಗಲು ನಾಲ್ಕು ತಿಂಗಳು ಬೇಕಾಯಿತು. ಮಾತ್ರೆ ನಿಂತಿಲ್ಲ, ನಿಲ್ಲುತ್ತದೆ ಎಂದು ನಿಮಗೆ ಆಸೆ ಹುಟ್ಟಿಸುವುದೂ ಇಲ್ಲ. ಆದರೆ ಮಾತ್ರೆಯ ಪ್ರಮಾಣ ಏರಿಲ್ಲ, ಮೆಟ್ಟಿಲು ಹತ್ತುವಾಗಿನ ಏದುಸಿರು ಹೋಗಿದೆ, ರಾತ್ರಿ ನಿದ್ದೆ ಬರುತ್ತಿದೆ.

ಏರಿನಲ್ಲಿ ಏನಾಗುತ್ತದೆ?

ತೊಡೆ ಮತ್ತು ಪೃಷ್ಠದ ಸ್ನಾಯುಗಳು ದೇಹದ ಅತಿ ದೊಡ್ಡ ಸ್ನಾಯುಗಳು. ಅವು ದುಡಿಯುವಾಗ ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಂಡು ಉರಿಸುತ್ತವೆ. ದೇಹದ ಭಾರವನ್ನು ಸೀಟು ಹೊರುವುದರಿಂದ ಓಟದಲ್ಲಿ ಬೀಳುವಷ್ಟು ಪೆಟ್ಟು ಮೊಣಕಾಲಿಗೆ ಬೀಳುವುದಿಲ್ಲ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕು, ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಂಡಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮುಂಜಾನೆ ಮದ್ರಸ, ಬಳಿಕ ಶಾಲೆ, ಸಂಜೆ ಟ್ಯೂಷನ್. ನಿಮ್ಮ ಮಕ್ಕಳ ದಿನದಲ್ಲಿ ಆ 60 ನಿಮಿಷ ಎಲ್ಲಿದೆ ಎಂದು ಒಮ್ಮೆ ಲೆಕ್ಕ ಹಾಕಿ.

ಸೀಟಿನ ಎತ್ತರ ಸರಿಯಿರಲಿ. ಪೆಡಲು ಕೆಳಗಿರುವಾಗ ಮೊಣಕಾಲು ಸ್ವಲ್ಪ ಮಾತ್ರ ಬಾಗಿರಬೇಕು. ಹಗುರ ಗೇರಿನಲ್ಲಿ, ಪಕ್ಕದವರೊಂದಿಗೆ ಮಾತನಾಡಲು ಸಾಧ್ಯವಾಗುವಷ್ಟು ನಿಧಾನವಾಗಿ ಹತ್ತಿ. ಮಾತು ನಿಂತಿತೆಂದರೆ ಇಳಿದು ತಳ್ಳಿ. ತಳ್ಳುವುದು ಅವಮಾನವಲ್ಲ, ಅದೂ ವ್ಯಾಯಾಮವೇ. ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರ ಕಿಸೆಯಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲೇಬೇಕು. ಕೈ ನಡುಗಿ ಬೆವರಿದರೆ ತಡಮಾಡದೆ ತಿನ್ನಿ.

ಇಳಿಯುವಾಗ ವಿನಯ ಬೇಕು

ಹೆಲ್ಮೆಟ್ ಇಲ್ಲದೆ ಗುಡ್ಡಕ್ಕೆ ಹೋಗಬೇಡಿ. ಅದು ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ಇಳಿಜಾರಿನಲ್ಲಿ ಸೀಟಿನಿಂದ ಎದ್ದು, ಮೊಣಕೈ ಮೊಣಕಾಲು ಸಡಿಲಗೊಳಿಸಿ, ಮೈಭಾರ ಹಿಂದಕ್ಕೆ ಹಾಕಿ. ಎರಡೂ ಬ್ರೇಕ್ ಮೆಲ್ಲನೆ ಹಿಡಿಯಿರಿ. ಮುಂದಿನ ಬ್ರೇಕ್ ಒಮ್ಮೆಲೇ ಬಿಗಿದರೆ ಹ್ಯಾಂಡಲ್ ದಾಟಿ ಬೀಳುತ್ತೀರಿ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಮಗನೆದುರು ಶೂರನಾಗಲು ಹೋಗಿ ಬಿದ್ದವನು ನಾನು. ಮೊಣಕೈ ತರಚಿತು. ಕರವಸ್ತ್ರದಲ್ಲಿ ಒರೆಸಿ ಸುಮ್ಮನಾದೆ. ನಾಲ್ಕನೇ ದಿನ ಕೀವಾಯಿತು.

ತರಚಿದ ಗಾಯವನ್ನು ಹರಿಯುವ ಶುದ್ಧ ನೀರು ಮತ್ತು ಸೋಪಿನಿಂದ ಮಣ್ಣೆಲ್ಲ ಹೋಗುವಂತೆ ತೊಳೆಯಬೇಕು. ಟೆಟನಸ್ ಚುಚ್ಚುಮದ್ದಿನ ಅವಧಿ ಮುಗಿದಿದೆಯೇ ಎಂದು ವಿಚಾರಿಸಬೇಕು. ನಾಯಿ ಕಚ್ಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಹಾಕಿಸಿಕೊಳ್ಳಿ. ಮಳೆಗಾಲದಲ್ಲಿ ಕಾಲಿನ ಗಾಯದೊಂದಿಗೆ ಕೆಸರುಗುಂಡಿ ತುಳಿದರೆ ಇಲಿಜ್ವರದ ಅಪಾಯವಿದೆ. ಬೆವರಿದ ಬಟ್ಟೆಯನ್ನು ಮನೆಗೆ ಬಂದ ಕೂಡಲೇ ಬದಲಿಸಿ, ಸ್ನಾನ ಮಾಡಿ, ತೊಡೆಸಂದು ಒಣಗಿಸಿಕೊಳ್ಳಿ. ಹುಳುಕಡ್ಡಿಗೆ ಮೂಲ ಈ ಒದ್ದೆಯೇ. ಕೆರೆತಕ್ಕೆಂದು ಅಂಗಡಿಯವರು ಕೊಡುವ ಸ್ಟೀರಾಯ್ಡ್ ಮುಲಾಮು ಅದನ್ನು ಇನ್ನಷ್ಟು ಹರಡಿಸುತ್ತದೆ.

ಮಲೆನಾಡಿನವರು ಮತ್ತು ಅಲ್ಲಿಗೆ ಹೋಗುವವರು ಒಂದು ವಿಷಯ ನೆನಪಿಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣಿಯ ಕಡಿತದಿಂದ ಬರುತ್ತದೆ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಮಂಗ ಸತ್ತ ಸುದ್ದಿ ಇರುವ ಕಡೆ ಕಾಲಿಡಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ತುಂಬು ತೋಳಿನ ಅಂಗಿ ಧರಿಸಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ. ಹಿಂದಿರುಗಿದ ಮೇಲೆ ಕಂಕುಳು, ಸೊಂಟ, ಕಿವಿಯ ಹಿಂದೆ ನೋಡಿ. ಉಣ್ಣಿ ಕಚ್ಚಿಕೊಂಡಿದ್ದರೆ ಬೆಂಕಿ ತಾಗಿಸಬೇಡಿ, ಎಣ್ಣೆ ಹಚ್ಚಬೇಡಿ. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ. ಬಳಿಕ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಹೆಣ್ಣುಮಕ್ಕಳ ಸೈಕಲ್ ಎಲ್ಲಿ ಹೋಯಿತು?

2006-07ರಲ್ಲಿ ಕರ್ನಾಟಕ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದ ಮೇಲೆ ನಮ್ಮ ಹೆಣ್ಣುಮಕ್ಕಳೂ ಏರು ತಗ್ಗಿನ ದಾರಿಗಳಲ್ಲಿ ಸೈಕಲ್ ತುಳಿದು ಶಾಲೆಗೆ ಹೋದರು. ನನ್ನ ಮಗಳೂ ಹೋದಳು. ಎಸ್ಸೆಸ್ಸೆಲ್ಸಿ ಮುಗಿದ ದಿನದಿಂದ ಅವಳ ಸೈಕಲ್ ಗೋಡೆಗೆ ಒರಗಿತು. ನಿಲ್ಲಿಸಿದ್ದು ಬೇರೆ ಯಾರೂ ಅಲ್ಲ, ನಾನೇ. ಕಾರಣ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ, ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂಬುದರ ಹೊರತು. ಹೀಗೆ ಹದಿನಾರಕ್ಕೆ ನಿಲ್ಲಿಸಿದ ಕಾಲುಗಳನ್ನು ನಲ್ವತ್ತಕ್ಕೆ ವೈದ್ಯರ ಬಳಿ ಕರೆದೊಯ್ಯುತ್ತೇವೆ. ಮಂಡಿನೋವು, ಬೊಜ್ಜು, ಬಿಪಿ. ಆಗ ಅದೇ ವೈದ್ಯರು ಹೇಳುತ್ತಾರೆ, "ಸ್ವಲ್ಪ ನಡೆಯಿರಿ, ಆದರೆ ಸೈಕಲ್ ತುಳಿಯಿರಿ."

ಈಗ ಮಗಳು ವಾರಕ್ಕೆರಡು ದಿನ ನನ್ನ ಜೊತೆ ಬರುತ್ತಾಳೆ. ತೆಳ್ಳಗಿನ ಹತ್ತಿಯ ಸ್ಕಾರ್ಫನ್ನು ಗಂಟಿಲ್ಲದೆ ನುಣುಪಾಗಿ ಕಟ್ಟಿದರೆ ಹೆಲ್ಮೆಟ್ ಸರಿಯಾಗಿ ಕೂರುತ್ತದೆ. ಮೊಣಕಾಲುದ್ದದ ಸಡಿಲ ಅಂಗಿ ಮತ್ತು ಪಾದದ ಬಳಿ ಬಿಗಿಯಾಗಿರುವ ಪ್ಯಾಂಟು ಸಾಕು. ಶಾಲು, ಉದ್ದನೆಯ ನೆರಿಗೆ ಚಕ್ರಕ್ಕೆ ಸಿಕ್ಕಬಾರದು, ಅಷ್ಟೇ. ಜನ ನೋಡುತ್ತಾರೆಯೇ? ಮೊದಲ ವಾರ ನೋಡಿದರು. ಈಗ ಗೇರು ಹೆಕ್ಕುವ ಹೆಂಗಸರು ನನ್ನನ್ನು ಕೇಳುತ್ತಾರೆ, "ಮಗಳು ಆಗಲೇ ಮೇಲೆ ಹೋದಳು, ನೀವೇನು ಇನ್ನೂ ಇಲ್ಲಿದ್ದೀರಿ?"

ಗುಡ್ಡದ ಹಕ್ಕನ್ನೂ ಮರೆಯಬಾರದು. ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ, ತೋಟಕ್ಕೆ ಮಾಲಕರನ್ನು ಕೇಳದೆ ಹೋಗಬೇಡಿ. ಆನೆ ಓಡಾಡುವ ಕಡೆ ಮುಂಜಾನೆ, ಮುಸ್ಸಂಜೆ ಬೇಡವೇ ಬೇಡ. ಟಯರಿಗೆ ಮಣ್ಣು ಮೆತ್ತಿಕೊಳ್ಳುವಷ್ಟು ಒದ್ದೆಯಿದ್ದರೆ ಮನೆಗೆ ಮರಳಿ. ನೀವು ಮಾಡಿದ ಗೀರಿನಲ್ಲೇ ನಾಳೆ ನೀರು ಹರಿದು ದಾರಿ ಕೊರೆಯುತ್ತದೆ. ಕುಡಿದ ಬಾಟಲಿ ನಿಮ್ಮ ಜೊತೆಯೇ ಇಳಿಯಲಿ.

ಈ ಶುಕ್ರವಾರವೋ ಭಾನುವಾರವೋ ಆ ಸೈಕಲ್ಲನ್ನು ಹೊರಗೆ ತೆಗೆಯಿರಿ. ಚೈನಿಗೆ ಎಣ್ಣೆ ಬಿಡಿ, ಬ್ರೇಕ್ ನೋಡಿಸಿ. ಮಗನನ್ನು ಕರೆಯಿರಿ, ಮಗಳನ್ನೂ ಕರೆಯಿರಿ. ಪಿಕಪ್ ಬೇಡ. ಬುಡದಿಂದಲೇ ಶುರುಮಾಡಿ. ಮೊದಲ ದಿನ ಎರಡನೇ ತಿರುವಿನವರೆಗೆ ಹೋದರೂ ಸಾಕು.