ಬದುಕಿದ್ದಾಗ ಸ್ವಯಂಸೇವಕ, ಸತ್ತರೆ ಕಾರ್ಮಿಕ: ಔಷಧ ಪ್ರಯೋಗಕ್ಕೆ ಮೈ ಕೊಡುವವರ ಲೆಕ್ಕ

ಸುಮಾರು 69 ಲಕ್ಷದ 85 ಸಾವಿರ ರೂಪಾಯಿ. 25 ವರ್ಷದ ಆರೋಗ್ಯವಂತ ಯುವಕನೊಬ್ಬ ಔಷಧ ಪ್ರಯೋಗದಲ್ಲಿ ಪಾಲ್ಗೊಂಡು ಅದರಿಂದಲೇ ಸತ್ತರೆ, ಈ ದೇಶದ ಕಾನೂನಿನ ಪ್ರಕಾರ ಅವನ ಮನೆಯವರಿಗೆ ಸಿಗಬೇಕಾದ ಪರಿಹಾರ ಇಷ್ಟು.

ಈ ಲೆಕ್ಕ ಬರೋದು ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್‌ ಕುರಿತ 2019ರ ನಿಯಮಗಳ ಏಳನೇ ಶೆಡ್ಯೂಲ್‌ನಿಂದ. ಮೂಲ ಮೊತ್ತ 8 ಲಕ್ಷ. ಅದನ್ನು ವಯಸ್ಸಿನ ಗುಣಕದಿಂದ, ಆಮೇಲೆ ಅಪಾಯದ ಗುಣಕದಿಂದ ಗುಣಿಸಿ, 99.37ರಿಂದ ಭಾಗಿಸಬೇಕು. ಆರು ತಿಂಗಳಿಗಿಂತ ಹೆಚ್ಚು ಬದುಕುವ ಸಾಧ್ಯತೆ ಇಲ್ಲದ ರೋಗಿಗೆ ಅಪಾಯದ ಗುಣಕ 0.5. ಆರೋಗ್ಯವಂತನಿಗೆ 4, ಪಟ್ಟಿಯಲ್ಲೇ ಅತಿ ಹೆಚ್ಚು. ಯಾವ ಕಾಯಿಲೆಯೂ ಇಲ್ಲದೆ ಬಂದವನು ನಿಮ್ಮ ಮಾತ್ರೆ ನುಂಗಿ ಸತ್ತರೆ ಹೊಣೆ ನಿಮ್ಮದೇ, ಅನ್ನೋದು ಇದರ ಹಿಂದಿನ ನ್ಯಾಯ.

ಈ ಶೆಡ್ಯೂಲ್ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ವಯಸ್ಸಿನ ಗುಣಕ. ಅದು ಬಂದಿರೋದು ಕಾರ್ಮಿಕರ ಪರಿಹಾರ ಕಾಯ್ದೆಯಿಂದ. ಇನ್ನೊಂದು ಕಡೆ, ಪ್ರಯೋಗದಿಂದ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿ ಗುಣವಾದವನಿಗೆ ಎಷ್ಟು ಕೊಡಬೇಕು ಅಂತ ಹೇಳುವ ಸೂತ್ರವೂ ಇದೆ: ದೆಹಲಿಯ ಕೌಶಲ್ಯರಹಿತ ಕಾರ್ಮಿಕನ ದಿನದ ಕನಿಷ್ಠ ಕೂಲಿಯ ಎರಡರಷ್ಟು, ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನಕ್ಕೆ. ಅಂದರೆ ಸತ್ತಾಗ, ಹಾಸಿಗೆ ಹಿಡಿದಾಗ ಇವನನ್ನು ಕಾನೂನು ಕಾರ್ಮಿಕನ ಅಳತೆಯಲ್ಲೇ ಅಳೆಯುತ್ತದೆ. ಮೈಯಲ್ಲಿ ಕಸುವಿದ್ದು ಕ್ಯಾನುಲಾ ಚುಚ್ಚಿಸಿಕೊಂಡು ಮಲಗಿರುವಾಗ ಮಾತ್ರ ಅವನು ‘ಸ್ವಯಂಸೇವಕ’. ಅವನಿಗೆ ಕೊಡೋದು ಕೂಲಿಯಲ್ಲ, ಸಮಯಕ್ಕೆ ಮತ್ತು ತೊಂದರೆಗೆ ಕೊಡುವ ಭತ್ಯೆ.

ಈ ಎರಡು ಹೆಸರುಗಳ ನಡುವಿನ ಸಂದಿಯಲ್ಲೇ ಅಪಾಯ ಕೂತಿದೆ.

ನಡೆಯೋದೇನು?

ಭಾರತದಲ್ಲಿ ಆರೋಗ್ಯವಂತರನ್ನು ದುಡ್ಡು ಕೊಟ್ಟು ಕರೆಯೋದು ಹೆಚ್ಚಾಗಿ ‘ಬಯೋಈಕ್ವಿವಲೆನ್ಸ್’ ಪರೀಕ್ಷೆಗೆ. ಒಂದು ಕಂಪನಿ ಹಳೆಯ ಬ್ರ್ಯಾಂಡ್ ಔಷಧದ ಜೆನೆರಿಕ್ ರೂಪ ತಯಾರಿಸುತ್ತದೆ. ಎರಡೂ ಮಾತ್ರೆಗಳು ರಕ್ತಕ್ಕೆ ಒಂದೇ ಪ್ರಮಾಣದಲ್ಲಿ, ಒಂದೇ ವೇಗದಲ್ಲಿ ಸೇರುತ್ತವಾ ಅಂತ ತೋರಿಸಬೇಕು. ಅದಕ್ಕೆ 18ರಿಂದ 45 ವರ್ಷದೊಳಗಿನ ಕೆಲವು ಡಜನ್ ಜನ ಬೇಕು. ರಾತ್ರಿಯಿಡೀ ಉಪವಾಸ, ಬೆಳಗ್ಗೆ ಮಾತ್ರೆ, ಆಮೇಲೆ ಗಂಟೆಗಿಷ್ಟು ಬಾರಿ ರಕ್ತ. ಮೊದಲ ಮಾತ್ರೆ ಮೈಯಿಂದ ಪೂರ್ತಿ ಹೋಗೋವರೆಗೆ ಬಿಡುವು. ಆಮೇಲೆ ಮತ್ತೆ ಬಂದು ಇನ್ನೊಂದು ಮಾತ್ರೆ, ಮತ್ತೆ ರಕ್ತ. ನಮ್ಮ ನಿಮ್ಮ ಮನೆಯ ಬಿಪಿ, ಶುಗರ್ ಮಾತ್ರೆಗಳು ಅಗ್ಗವಾಗಿ ಸಿಗುವುದರ ಹಿಂದೆ ಈ ತೋಳುಗಳಿವೆ. ಹಾಗಾಗಿ ಇಡೀ ವ್ಯವಸ್ಥೆಯೇ ಮೋಸ ಅಂತ ನಾನು ಹೇಳೋದಿಲ್ಲ. ಇಲ್ಲಿ ಬಳಸುವ ಔಷಧಗಳು ಬಹುಪಾಲು ವರ್ಷಗಟ್ಟಲೆ ಬಳಕೆಯಲ್ಲಿರುವಂಥವು. ನಿಯಮ ಪಾಲಿಸಿ ನಡೆಸಿದರೆ ಒಂದು ಪರೀಕ್ಷೆಯಿಂದ ಪ್ರಾಣಕ್ಕೆ ಕುತ್ತು ಬರೋದು ಅಪರೂಪ.

ಮನುಷ್ಯರಿಗೆ ಮೊದಲ ಬಾರಿ ಕೊಡುವ ಹೊಸ ಔಷಧದ ಕತೆ ಬೇರೆ. 2006ರ ಮಾರ್ಚ್‌ನಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಟಿಜಿಎನ್ 1412 ಎಂಬ ಔಷಧವನ್ನು ಆರು ಯುವಕರಿಗೆ ಕೆಲವೇ ನಿಮಿಷಗಳ ಅಂತರದಲ್ಲಿ ಕೊಟ್ಟರು. ಪ್ರಾಣಿಗಳಲ್ಲಿ ಸುರಕ್ಷಿತ ಎನಿಸಿದ ಡೋಸ್‌ಗಿಂತ 500 ಪಟ್ಟು ಕಡಿಮೆ. ಆರೂ ಜನ ಬಹು ಅಂಗಾಂಗ ವೈಫಲ್ಯಕ್ಕೆ ಒಳಗಾದರು. ಮೊದಲನೆಯವನ ಮೈ ಏನು ಹೇಳುತ್ತದೆ ಅಂತ ನೋಡಿ ಆಮೇಲೆ ಎರಡನೆಯವನಿಗೆ ಕೊಡುವಷ್ಟು ತಾಳ್ಮೆ ಇದ್ದಿದ್ದರೆ ಉಳಿದ ಐವರು ಪಾರಾಗುತ್ತಿದ್ದರು.

ಹತ್ತು ವರ್ಷದ ನಂತರ, 2016ರ ಜನವರಿಯಲ್ಲಿ, ಫ್ರಾನ್ಸ್‌ನ ರೆನ್ ನಗರದಲ್ಲಿ ಇನ್ನೊಂದು ದುರಂತ. ಹೊಸ ಔಷಧ ತೆಗೆದುಕೊಳ್ಳುತ್ತಿದ್ದ ಒಬ್ಬ ಜನವರಿ 10ರಂದು ಆಸ್ಪತ್ರೆ ಸೇರಿದ. ಮರುದಿನ ಬೆಳಗ್ಗೆ ಅದೇ ಗುಂಪಿನ ಉಳಿದವರಿಗೆ ಅವನ ಸ್ಥಿತಿಯನ್ನು ತಿಳಿಸದೆಯೇ ಮತ್ತೆ ಡೋಸ್ ಕೊಟ್ಟರು. ಒಂದು ವಾರದಲ್ಲಿ ಅವನು ಸತ್ತ. ಅದೇ ಗುಂಪಿನ ಇತರರೂ ಆಸ್ಪತ್ರೆ ಸೇರಿದರು. ಸಹಿ ಹಾಕಿದ ದಿನ ಇದ್ದ ಮಾಹಿತಿ ಬೇರೆ, ಮಾತ್ರೆ ನುಂಗಿದ ದಿನ ಇದ್ದ ಸತ್ಯ ಬೇರೆ. ಒಪ್ಪಿಗೆ ಅನ್ನೋದು ಒಂದು ಸಲ ಸಹಿ ಹಾಕಿ ಮುಗಿಸುವ ಕೆಲಸ ಅಲ್ಲ ಅಂತ ಇದಕ್ಕಿಂತ ಕಟುವಾಗಿ ಹೇಳೋಕೆ ಆಗಲ್ಲ.

ನಮ್ಮಲ್ಲಿಯ ಅಪಾಯ: ಎಣಿಕೆ ಇಲ್ಲದಿರೋದು

ಲಂಡನ್, ರೆನ್ ಸುದ್ದಿಯಾದವು. ಯಾಕೆ? ಎಲ್ಲರೂ ಒಂದೇ ಕಟ್ಟಡದಲ್ಲಿ, ಒಂದೇ ವಾರದಲ್ಲಿ ಬಿದ್ದರು. ನಮ್ಮಲ್ಲಿಯ ಅಪಾಯ ಹಾಗೆ ಕಣ್ಣಿಗೆ ಬೀಳೋದಿಲ್ಲ. ಅದು ಒಬ್ಬನೇ ಮನುಷ್ಯ ಒಂದರ ಹಿಂದೆ ಒಂದು ಪ್ರಯೋಗಕ್ಕೆ ಹೋಗುವುದರಲ್ಲಿದೆ.

ಒಂದು ಪರೀಕ್ಷೆ ಮುಗಿದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳು ಇನ್ನೊಂದಕ್ಕೆ ಸೇರಬಾರದು ಅನ್ನೋದು ಪದ್ಧತಿ. ಕಳಕೊಂಡ ರಕ್ತ ತುಂಬಬೇಕು, ಹಳೆಯ ಔಷಧದ ಶೇಷ ಹೋಗಬೇಕು. ಆದರೆ ಬಾಡಿಗೆ ಮೂರು ತಿಂಗಳು ಕಾಯುತ್ತಾ? ಇಂಥ ಕಡೆ ಹೋಗಿಬಂದ ರಾಯಚೂರು ಕಡೆಯ ಪರಿಚಯದ ಹುಡುಗನೊಬ್ಬ ನನಗೆ ಹೇಳಿದ ಮಾತು: “ಅಣ್ಣ, ಹಿಂದೆ ಎಲ್ಲಾದ್ರೂ ಹೋಗಿದ್ರೇನು ಅಂತ ಕೇಳ್ತಾರ. ಹೋಗಿಲ್ಲ ಅಂತೀವಿ. ಬರಕೋತಾರ.”

ಆ ಸುಳ್ಳಿಗೆ ಅವನನ್ನು ಬೈಯೋದು ಸುಲಭ. ಆದರೆ ಅದನ್ನು ಪರೀಕ್ಷಿಸುವ ದಾರಿಯನ್ನೇ ನಾವು ಕಟ್ಟಿಲ್ಲ. ಫ್ರಾನ್ಸ್‌ನಲ್ಲಿ ಇಂಥ ಸ್ವಯಂಸೇವಕರ ರಾಷ್ಟ್ರೀಯ ನೋಂದಣಿ ಇದೆ. ಬ್ರಿಟನ್ನಿನಲ್ಲಿ ಅತಿಯಾಗಿ ಪಾಲ್ಗೊಳ್ಳುವುದನ್ನು ತಡೆಯಲೆಂದೇ ‘ಟಾಪ್ಸ್’ ಎಂಬ ಡೇಟಾಬೇಸ್ ಇದೆ. ನಮ್ಮಲ್ಲಿ ಕೆಲವು ಸಂಸ್ಥೆಗಳು ಬೆರಳಚ್ಚಿನ ಡೇಟಾಬೇಸ್ ಹಂಚಿಕೊಳ್ಳುತ್ತವೆ, ಸೇರೋದು ಬಿಡೋದು ಅವರವರ ಇಷ್ಟ. ಎಲ್ಲರನ್ನೂ ಒಂದೇ ಪಟ್ಟಿಗೆ ತರುವ ಕಡ್ಡಾಯ ನೋಂದಣಿಯನ್ನು 2019ರ ನಿಯಮಗಳು ಕೇಳಿಲ್ಲ. ಪ್ರಯೋಗಗಳಿಗೆ ರಾಷ್ಟ್ರೀಯ ರಿಜಿಸ್ಟ್ರಿ ಇದೆ, ಪ್ರಯೋಗಕ್ಕೆ ಒಳಗಾದ ಮೈಗೆ ಇಲ್ಲ.

ಈಗ ಪರಿಹಾರದ ಷರತ್ತಿಗೆ ವಾಪಸ್ ಬನ್ನಿ: ‘ಅದರಿಂದಲೇ’ ಸತ್ತರೆ. ಬೆಂಗಳೂರಲ್ಲೋ ಹೈದರಾಬಾದಲ್ಲೋ ಪರೀಕ್ಷೆ ಮುಗಿಸಿ ಊರಿಗೆ ಹೋದವನು ಮೂರು ವಾರದ ನಂತರ ಕಾಯಿಲೆ ಬೀಳುತ್ತಾನೆ. ಊರಿನ ವೈದ್ಯರಿಗೆ ಹಿಂದಿನದು ಗೊತ್ತಿಲ್ಲ, ಮನೆಯವರಿಗೂ ಹೇಳಿರಲ್ಲ. ಸತ್ತರೆ ಅದು ಜ್ವರದ ಸಾವು, ಹೃದಯಾಘಾತದ ಸಾವು. ಒಂದು ವೇಳೆ ಯಾರಾದರೂ ದೂರು ಕೊಟ್ಟರೂ ಎದುರಿಂದ ಬರುವ ಮೊದಲ ಪ್ರಶ್ನೆ: ಇವನು ಹಿಂದಿನ ಪ್ರಯೋಗ ಮುಚ್ಚಿಟ್ಟಿದ್ದನಲ್ಲವಾ? ವ್ಯವಸ್ಥೆ ಕಣ್ಣು ಮುಚ್ಚಿ ಬರೆದುಕೊಂಡ ಸುಳ್ಳು ಅವನ ಸಾವಿನ ನಂತರ ಅವನ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ ಲೆಕ್ಕದ ಪ್ರಕಾರ 2005ರ ಜನವರಿಯಿಂದ 2012ರ ಜೂನ್‌ವರೆಗೆ 475 ಹೊಸ ಔಷಧಗಳ ಪ್ರಯೋಗಗಳಲ್ಲಿ 2,644 ಜನ ಸತ್ತರು. ಪ್ರಯೋಗವೇ ಕಾರಣ ಎಂದು ಒಪ್ಪಿಕೊಂಡದ್ದು 80 ಸಾವುಗಳಿಗೆ. ಸತ್ತವರಲ್ಲಿ ಗಂಭೀರ ಕಾಯಿಲೆಯ ರೋಗಿಗಳೂ ಇದ್ದರು, ಎಲ್ಲ ಸಾವನ್ನೂ ಔಷಧದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ 80 ಮತ್ತು 2,644ರ ನಡುವಿನ ಗೆರೆ ಎಳೆಯೋರು ಯಾರು? ಪ್ರಯೋಗ ನಡೆಸಿದ ವೈದ್ಯ ವರದಿ ಕೊಡುತ್ತಾನೆ, ಹಣ ಹಾಕಿದ ಕಂಪನಿ ವರದಿ ಕೊಡುತ್ತದೆ, ಎಥಿಕ್ಸ್ ಕಮಿಟಿ ಅಭಿಪ್ರಾಯ ಹೇಳುತ್ತದೆ, ಕೊನೆಗೆ ಔಷಧ ನಿಯಂತ್ರಕರು ತೀರ್ಮಾನಿಸುತ್ತಾರೆ. ಕಮಿಟಿಯ ಅರ್ಧದಷ್ಟಾದರೂ ಸದಸ್ಯರು ಹೊರಗಿನವರಾಗಿರಬೇಕು ಅಂತ 2019ರ ನಿಯಮ ಹೇಳಿದ್ದು ಒಳ್ಳೆಯದೇ. ಆದರೂ ಈ ಸರಪಳಿ ಶುರುವಾಗೋದು ಪ್ರಯೋಗ ನಡೆಸಿದವರ ವರದಿಯಿಂದಲೇ. ಊರಿನಲ್ಲಿ ಸದ್ದಿಲ್ಲದೆ ಆದ ಸಾವು ಈ ಸರಪಳಿಗೆ ಬಂದು ಸೇರೋದೇ ಇಲ್ಲ.

ಯಾರ ಎದೆಯ ಇಸಿಜಿ?

ಸ್ವಯಂಸೇವಕನ ಹೃದಯ ಸರಿಯಿದೆಯಾ ಅಂತ ನೋಡೋಕೆ ಇಸಿಜಿ ತೆಗೆಯುತ್ತಾರೆ. 2014ರಲ್ಲಿ ಹೈದರಾಬಾದಿನ ಜಿವಿಕೆ ಬಯೋಸೈನ್ಸಸ್‌ನ ತಪಾಸಣೆಗೆ ಬಂದ ಫ್ರಾನ್ಸ್‌ನ ಔಷಧ ನಿಯಂತ್ರಕರು, ಹಲವು ಅಧ್ಯಯನಗಳ ಇಸಿಜಿ ದಾಖಲೆಗಳನ್ನು ತಿರುಚಲಾಗಿದೆ ಎಂದರು. ಕಂಪನಿ ಇದನ್ನು ಒಪ್ಪಲಿಲ್ಲ. 2015ರ ಜನವರಿಯಲ್ಲಿ ಯುರೋಪಿನ ಔಷಧ ಸಂಸ್ಥೆ ಅಲ್ಲಿ ಪರೀಕ್ಷೆಯಾದ ಸುಮಾರು 700 ಜೆನೆರಿಕ್ ಉತ್ಪನ್ನಗಳ ಮಾರಾಟ ತಡೆಯಲು ಶಿಫಾರಸು ಮಾಡಿತು. ಮರುವರ್ಷ ನಮ್ಮ ಬೆಂಗಳೂರಿನ ಸರದಿ. ಸೆಮ್ಲರ್ ರಿಸರ್ಚ್ ಸೆಂಟರ್‌ನಲ್ಲಿ ಪರೀಕ್ಷೆಗೊಳಗಾದವರ ಮಾದರಿಗಳನ್ನೇ ಅದಲುಬದಲು ಮಾಡಲಾಗಿದೆ ಎಂದು ಅಮೆರಿಕದ ಎಫ್‌ಡಿಎ 2016ರಲ್ಲಿ ಹೇಳಿ, ಅಲ್ಲಿನ ಅಧ್ಯಯನಗಳನ್ನು ಒಪ್ಪಲು ನಿರಾಕರಿಸಿತು.

ಎರಡೂ ಸಲ ಚರ್ಚೆ ನಡೆದದ್ದು ಯುರೋಪ್, ಅಮೆರಿಕದ ರೋಗಿಗೆ ಸಿಗುವ ಮಾತ್ರೆಯ ಗುಣಮಟ್ಟದ ಬಗ್ಗೆ, ನಮ್ಮ ಔಷಧ ಉದ್ಯಮದ ಮಾನದ ಬಗ್ಗೆ. ರೋಗಿಗಳಿಗೆ ಹಾನಿಯಾದ ಪುರಾವೆ ಇಲ್ಲ ಅಂತ ಯುರೋಪಿನ ಸಂಸ್ಥೆ ಹೇಳಿತು. ಸರಿ. ಆದರೆ ಒಬ್ಬನ ಇಸಿಜಿ ಬರೋ ಜಾಗದಲ್ಲಿ ಇನ್ಯಾರದೋ ಇಸಿಜಿ ಬಂದರೆ, ಆ ಬೆಳಗ್ಗೆ ಮಾತ್ರೆ ನುಂಗಿದವನ ಎದೆಯನ್ನು ನೋಡಿದವರು ಯಾರು? ದತ್ತಾಂಶದ ವಂಚನೆ ಅಂದರೆ ಮೊದಲು ಆ ಮನುಷ್ಯನಿಗೆ ಆದ ವಂಚನೆ.

ಕಡಿಮೆ ದುಡ್ಡಿನ ನೈತಿಕತೆ

ಹೆಚ್ಚು ದುಡ್ಡು ಕೊಟ್ಟರೆ ಬಡವರಿಗೆ ಆಮಿಷ ಒಡ್ಡಿದಂತಾಗುತ್ತದೆ, ಆದ್ದರಿಂದ ಮಿತವಾಗಿ ಕೊಡಿ ಅನ್ನೋದು ವೈದ್ಯಕೀಯ ನೀತಿಶಾಸ್ತ್ರದ ಹಳೆಯ ಮಾತು. ಉದ್ದೇಶ ಒಳ್ಳೆಯದಿರಬಹುದು. ಪರಿಣಾಮ ನೋಡಿ. ಕೆಲವು ಸಾವಿರ ರೂಪಾಯಿಗೆ ನಾಲ್ಕು ದಿನ ಬೀಗದೊಳಗೆ ಮಲಗಿ ತೋಳು ಕೊಡೋಕೆ ಐಟಿ ಕಂಪನಿಯ ಉದ್ಯೋಗಿ ಬರ್ತಾನಾ? ಆ ದುಡ್ಡಿಗೆ ಬರೋನು ಬೇರೆ ದಾರಿ ಇಲ್ಲದೋನೇ. 2017ರಲ್ಲಿ ಒಬ್ಬರ ಸಾವಿನ ನಂತರ ಸುದ್ದಿಗೆ ಬಂದವರು ತೆಲಂಗಾಣದ ಕರೀಂನಗರ ಭಾಗದ ದುಡಿಯುವ ಜನ. 2018ರಲ್ಲಿ ರಾಜಸ್ಥಾನದ ಹಳ್ಳಿಗರು, ದಿನಕ್ಕೆ 500 ರೂಪಾಯಿ ಕೂಲಿ ಅಂತ ಹೇಳಿ ತಮ್ಮನ್ನು ಕರೆತಂದು ಔಷಧ ಪ್ರಯೋಗಕ್ಕೆ ಹಚ್ಚಿದರು ಎಂದು ಆರೋಪಿಸಿದರು. ಕೂಲಿ ಅನ್ನೋ ಪದವನ್ನು ನೀತಿಸಂಹಿತೆ ಬಳಸಲು ಹಿಂಜರಿಯುತ್ತದೆ. ಹಳ್ಳಿಗೆ ಹೋಗಿ ಜನ ಕರೆತರುವವನಿಗೆ ಆ ಹಿಂಜರಿಕೆ ಇಲ್ಲ.

ಕರ್ನಾಟಕ 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರಿಗೆ ಕಾಯ್ದೆ ತಂದಿತು. ಡೆಲಿವರಿ ಹುಡುಗರಿಗೆ ನೋಂದಣಿ, ಗುರುತಿನ ಸಂಖ್ಯೆ, ಕಲ್ಯಾಣ ಮಂಡಳಿ ಬಂತು. ‘ನಮ್ಮ ಪಾಲುದಾರರು, ಕಾರ್ಮಿಕರಲ್ಲ’ ಅಂತ ಕಂಪನಿಗಳು ವರ್ಷಗಟ್ಟಲೆ ಹೇಳಿದ ಮಾತನ್ನು ಹೋರಾಟ ಸ್ವಲ್ಪವಾದರೂ ಅಲ್ಲಾಡಿಸಿತು. ‘ಸ್ವಯಂಸೇವಕ’ ಅನ್ನೋದು ‘ಪಾಲುದಾರ’ನ ಅಣ್ಣ.

ಹಾಗಾಗಿ ನಾವು ಕೇಳಬೇಕಾದ್ದು ಸ್ಪಷ್ಟವಿದೆ. ಒಂದು, ಖಾಸಗಿತನ ಕಾಪಾಡುವ, ಎಲ್ಲ ಸಂಸ್ಥೆಗಳಿಗೂ ಕಡ್ಡಾಯವಾದ ರಾಷ್ಟ್ರೀಯ ನೋಂದಣಿ. ಎರಡು, ಭತ್ಯೆ ಅನ್ನೋ ಮುಸುಕು ತೆಗೆದು, ಕನಿಷ್ಠ ಕೂಲಿಗಿಂತ ಕೆಳಗಿಳಿಯದ ಸಂಬಳ, ಏಜೆಂಟ್ ಕಮಿಷನ್‌ಗೆ ನಿಷೇಧ. ಮೂರು, ಪರೀಕ್ಷೆ ಮುಗಿದು ಮೂರು ತಿಂಗಳವರೆಗೆ ಆರೋಗ್ಯದ ನಿಗಾ, ಆ ಅವಧಿಯ ಸಾವಿಗೆ ‘ಪ್ರಯೋಗ ಕಾರಣವಲ್ಲ’ ಎಂದು ಸಾಬೀತು ಮಾಡುವ ಹೊರೆ ಕಂಪನಿಯ ಮೇಲೆ. ನಾಲ್ಕು, ಒಪ್ಪಿಗೆಯ ಆಡಿಯೊ-ವಿಡಿಯೊ ದಾಖಲೆ ಈಗ ಹೊಸ ರಾಸಾಯನಿಕಗಳ ಪ್ರಯೋಗದಲ್ಲಿರುವ ದುರ್ಬಲ ವರ್ಗದವರಿಗಷ್ಟೇ ಕಡ್ಡಾಯ. ಅದು ಜೆನೆರಿಕ್ ಪರೀಕ್ಷೆಗಳಿಗೂ ಬರಬೇಕು.

ಕಾನೂನು ಬದಲಾಗೋವರೆಗೆ ಯಾರೂ ಕಾಯೋದಿಲ್ಲ, ಈ ವಾರವೂ ಯಾರೋ ಹೋಗ್ತಾರೆ. ನಿಮ್ಮ ಪಿಜಿಯಲ್ಲಿ, ಹಾಸ್ಟೆಲ್‌ನಲ್ಲಿ ಯಾರಾದರೂ ಹೊರಟಿದ್ದರೆ ಇಷ್ಟನ್ನಾದರೂ ಹೇಳಿ. ಒಪ್ಪಿಗೆ ಪತ್ರ ನಿನಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು, ಅದರ ಪ್ರತಿ ನಿನ್ನ ಕೈಗೆ ಬರಬೇಕು, ಅದು ನಿನ್ನ ಹಕ್ಕು. ಅದರಲ್ಲಿ ಎಥಿಕ್ಸ್ ಕಮಿಟಿಯ ಸಂಪರ್ಕ ಇರುತ್ತದೆ, ಫೋಟೊ ತೆಗೆದು ಮನೆಯವರಿಗೆ ಕಳಿಸು. ಇದು ಮನುಷ್ಯರಿಗೆ ಮೊದಲ ಸಲ ಕೊಡುತ್ತಿರುವ ಔಷಧವಾ ಅಂತ ಬಾಯಿಬಿಟ್ಟು ಕೇಳು. ಯಾವಾಗ ಬೇಕಾದರೂ ಎದ್ದು ಬರಬಹುದು. ಅರ್ಧಕ್ಕೆ ಬಂದರೆ ಅಲ್ಲಿವರೆಗಿನ ದುಡ್ಡು ಸಿಗುತ್ತಾ ಅಂತ ಮೊದಲೇ ಬರವಣಿಗೆಯಲ್ಲಿ ತಿಳಿದುಕೋ. ಆಮೇಲೆ ಯಾವ ಡಾಕ್ಟರ ಹತ್ತಿರ ಹೋದರೂ ಆ ಕಾಗದ ತೋರಿಸು. ಹಿಂದಿನ ಪ್ರಯೋಗವನ್ನು ಮುಚ್ಚಿಡಬೇಡ, ಆ ಸುಳ್ಳಿನ ಬೆಲೆ ತೆರೋದು ನಿನ್ನ ಲಿವರ್ರೂ ನಿನ್ನ ಮನೆಯವರೂ.

25 ವರ್ಷದ ಜೀವಕ್ಕೆ 69.85 ಲಕ್ಷ ಅಂತ ಬೆಲೆ ಕಟ್ಟೋಕೆ ಗೊತ್ತಿರುವ ಸರ್ಕಾರಕ್ಕೆ, ಅವನು ಕಳೆದ ವರ್ಷ ಎಷ್ಟು ಸಲ ತೋಳು ಕೊಟ್ಟ ಅಂತ ಎಣಿಸೋದು ಅಷ್ಟೇನೂ ಕಷ್ಟದ ಕೆಲಸವಲ್ಲ. ಎಣಿಸಲಿ.