ಸೇವೆ ಎಂದರೆ ನೇಮಕಾತಿ ಪತ್ರ ಕೇಳಬಾರದೆ?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಒಟ್ಟಿಗೇ ಜಾರಿಗೆ ತಂದಿತು. ಹಳೆಯ 29 ಕಾಯ್ದೆಗಳು ಈ ನಾಲ್ಕರೊಳಗೆ ಸೇರಿಹೋದವು. ಅಂದಿನಿಂದ ಕೆಲವು ದಿನ ನಮ್ಮ ಹಾಸ್ಟೆಲ್‌ನಲ್ಲಿ ಇದೇ ಚರ್ಚೆ. ಒಟ್ಟು ಸಂಬಳದಲ್ಲಿ 'ವೇತನ' ಎನಿಸಿಕೊಳ್ಳುವ ಭಾಗ ಅರ್ಧಕ್ಕಿಂತ ಕಡಿಮೆ ಇರುವಂತಿಲ್ಲವಂತೆ, ಪಿಎಫ್ ಹೆಚ್ಚು ಕಡಿತವಾಗುತ್ತದಂತೆ, ಕೈಗೆ ಬರುವುದು ಕಡಿಮೆಯಂತೆ. ಬಿ.ಇ. ಓದುವ ಹುಡುಗರು ಐಟಿ ಕಂಪನಿಯ ಸಂಬಳವನ್ನೇ ಲೆಕ್ಕ ಹಾಕುತ್ತಿದ್ದರು. ಟಿ.ವಿ.ಯಲ್ಲಿ ಕಾರ್ಖಾನೆಗಳ ಬಗ್ಗೆ, ಊಟ ತಲುಪಿಸುವ ಗಿಗ್ ಕಾರ್ಮಿಕರ ಬಗ್ಗೆ ಮಾತು ನಡೆಯಿತು. ಟ್ರಸ್ಟ್, ಸಂಘ, ಎನ್‌ಜಿಒಗಳಲ್ಲಿ ಕೆಲಸ ಮಾಡುವವರ ಬಗ್ಗೆ ಮಾತ್ರ ಯಾರೂ ಹೆಚ್ಚು ಮಾತನಾಡಿದ್ದು ನನಗೆ ಕಾಣಲಿಲ್ಲ.

ಆದರೆ ಅವರಿಗೆ ಸಂಬಂಧಿಸಿದ ಒಂದು ಸಾಲು ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿದೆ. 'ಕೈಗಾರಿಕೆ' ಎಂದರೇನು ಎಂದು ಹೇಳುವ ವ್ಯಾಖ್ಯೆಯಲ್ಲಿ ಅದು ಬರುತ್ತದೆ. ಪೂರ್ಣವಾಗಿ ಅಥವಾ ಬಹುಪಾಲು ದಾನಧರ್ಮ, ಸಮಾಜಸೇವೆ, ಪರೋಪಕಾರದಲ್ಲಿ ತೊಡಗಿದ ಸಂಘಟನೆಗಳು ನಡೆಸುವ ಸಂಸ್ಥೆಗಳು ಕೈಗಾರಿಕೆ ಅಲ್ಲ ಎನ್ನುವುದು ಅದರ ಸಾರ. ಓದಲು ನಿರುಪದ್ರವಿ ಸಾಲು. ಸೇವಾಸಂಸ್ಥೆಯನ್ನು ಕಾರ್ಖಾನೆ ಅಂತ ಯಾರು ಕರೆಯುತ್ತಾರೆ ಎಂದು ನೀವೂ ಕೇಳಬಹುದು. ಹಾಗೆ ಕರೆದ ಕಥೆ ನಮ್ಮ ರಾಜ್ಯದ್ದೇ.

ಬೆಂಗಳೂರು ಜಲಮಂಡಳಿ ತನ್ನ ಕೆಲವು ನೌಕರರಿಗೆ ದುರ್ನಡತೆಯ ಆರೋಪದ ಮೇಲೆ ದಂಡ ಹಾಕಿ ಹಣ ವಸೂಲಿ ಮಾಡಿತ್ತು. ರಾಜಪ್ಪ ಮತ್ತಿತರ ನೌಕರರು ಇದು ನ್ಯಾಯವಲ್ಲ ಎಂದು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಮಂಡಳಿ ಹೇಳಿದ್ದು: ನಾವು ನಾಗರಿಕರಿಗೆ ನೀರು ಕೊಡುವವರು, ಕೈಗಾರಿಕೆ ಅಲ್ಲ, ಆದ್ದರಿಂದ ಈ ನ್ಯಾಯಾಲಯಕ್ಕೆ ನಮ್ಮ ಮೇಲೆ ಅಧಿಕಾರವೇ ಇಲ್ಲ. ಹೈಕೋರ್ಟ್ ಒಪ್ಪಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. ದಂಡದ ಸಣ್ಣ ಜಗಳ ಅಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ದೊಡ್ಡ ಪ್ರಶ್ನೆಯಾಗಿ ನಿಂತಿತು. 1978ರ ಫೆಬ್ರುವರಿ 21ರಂದು ಬಂದ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಒಂದು ಅಳತೆಗೋಲು ಕೊಟ್ಟರು. ಕೆಲಸ ವ್ಯವಸ್ಥಿತವಾಗಿ ನಡೆಯುತ್ತಿದೆಯೆ, ಕೆಲಸ ಕೊಡುವವರು ಮತ್ತು ಮಾಡುವವರು ಕೂಡಿ ಮಾಡುತ್ತಿದ್ದಾರೆಯೆ, ಅದರಿಂದ ಜನರಿಗೆ ಬೇಕಾದ ವಸ್ತು ಅಥವಾ ಸೇವೆ ಸಿಗುತ್ತಿದೆಯೆ? ಮೂರಕ್ಕೂ ಹೌದು ಎಂದಾದರೆ ಅದು ಕೈಗಾರಿಕೆ. ಲಾಭದ ಉದ್ದೇಶ ಇದೆಯೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ.

ಆ ತೀರ್ಪಿನಲ್ಲಿ ನನಗೆ ಬಹಳ ಹಿಡಿಸಿದ್ದು ಅದು ಬಿಟ್ಟುಕೊಟ್ಟ ವಿನಾಯಿತಿ. ಬಿಡುವಿನ ವೇಳೆಯಲ್ಲಿ ಉಚಿತ ಚಿಕಿತ್ಸೆ ಕೊಡುವ ವೈದ್ಯರು, ಬಡವರಿಗೆ ಪುಕ್ಕಟೆ ಕಾನೂನು ಸಲಹೆ ನೀಡುವ ವಕೀಲರು, ಆಶ್ರಮದಲ್ಲಿ ಗುರುವಿನ ಮಾತಿನಂತೆ ದುಡಿಯುವವರು, ಇಂತಹ ಕಡೆ ಸೇವೆಯೇ ಪ್ರಧಾನ, ಸಂಬಳದ ನೌಕರರು ಇಲ್ಲ ಅಥವಾ ಅಲ್ಲೊಬ್ಬ ಇಲ್ಲೊಬ್ಬ. ಇವು ಕೈಗಾರಿಕೆ ಅಲ್ಲ ಎಂದಿತು ಕೋರ್ಟ್. ಅಂದರೆ ಗಡಿ ಎಳೆದದ್ದು ಸಂಸ್ಥೆಯ ಬೋರ್ಡಿನ ಮೇಲೆ ಏನು ಬರೆದಿದೆ ಎಂಬುದನ್ನು ನೋಡಿ ಅಲ್ಲ, ಒಳಗೆ ದುಡಿಯುವವರು ಯಾವ ರೀತಿ ದುಡಿಯುತ್ತಿದ್ದಾರೆ ಎಂಬುದನ್ನು ನೋಡಿ. ದಾನ ಮಾಡುವವನು ಟ್ರಸ್ಟಿ ಇರಬಹುದು, ಆದರೆ ಅವನ ಕಚೇರಿಯ ಗುಮಾಸ್ತ ತನ್ನ ದುಡಿಮೆಯನ್ನು ದಾನ ಮಾಡಿಲ್ಲವಲ್ಲ!

ಸರ್ಕಾರಕ್ಕೆ ಈ ವಿಸ್ತಾರ ಹೆಚ್ಚಾಯಿತು ಅನಿಸಿತು. 1982ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಆಸ್ಪತ್ರೆ, ಶಿಕ್ಷಣ ಸಂಸ್ಥೆ, ಸೇವಾ ಸಂಸ್ಥೆಗಳನ್ನು ಹೊರಗಿಡಲು ನೋಡಿತು. ಸಂಸತ್ತು ಒಪ್ಪಿದರೂ ಆ ವ್ಯಾಖ್ಯೆಯನ್ನು ಜಾರಿಗೆ ತರಲೇ ಇಲ್ಲ. 2005ರಲ್ಲಿ ಐವರು ನ್ಯಾಯಮೂರ್ತಿಗಳು ರಾಜಪ್ಪ ತೀರ್ಪನ್ನು ಮತ್ತೆ ನೋಡಬೇಕು ಎಂದರು, 2017ರಲ್ಲಿ ಅದು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ಇಷ್ಟರಲ್ಲಿ ಹೊಸ ಸಂಹಿತೆ ಬಂದು ಸೇವಾ ಸಂಸ್ಥೆಗಳ ಮಟ್ಟಿಗೆ ಉತ್ತರ ಬರೆದೇಬಿಟ್ಟಿತು. ರಾಜಪ್ಪ ತೀರ್ಪು ಒಳಗೆ ಕರೆದವರನ್ನು ಈ ಸಾಲು ಹೊರಗೆ ಕಳಿಸಿತು.

ಹೊರಗೆ ಹೋದರೆ ಏನಾಗುತ್ತದೆ? ಕಾರ್ಖಾನೆಯಲ್ಲಿ ವರ್ಷ ತುಂಬಿಸಿದ ಕಾರ್ಮಿಕನನ್ನು ಕೆಲಸ ಕಡಿಮೆಯಾಯಿತೆಂದು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು, ದುಡಿದ ಪ್ರತಿ ವರ್ಷಕ್ಕೆ 15 ದಿನದ ವೇತನ ಕೊಡಬೇಕು. ತಕರಾರು ಬಂದರೆ ಕಾರ್ಮಿಕ ಇಲಾಖೆಯ ಅಧಿಕಾರಿ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತಾರೆ, ಅದಾಗದಿದ್ದರೆ ನ್ಯಾಯಮಂಡಳಿ ಇದೆ. 'ಕೈಗಾರಿಕೆ' ಅಲ್ಲದ ಕಡೆ ಈ ದಾರಿ ಮುಚ್ಚುತ್ತದೆ. ಉಳಿಯುವುದು ಸಿವಿಲ್ ನ್ಯಾಯಾಲಯ. ಅಲ್ಲಿ ಸಾಮಾನ್ಯವಾಗಿ ಪರಿಹಾರ ಕೇಳಬಹುದೇ ಹೊರತು ಕೆಲಸಕ್ಕೆ ಮರಳಿ ಸೇರಿಸಿ ಎಂದು ಕೇಳಿದರೆ ಸಿಗುವುದು ಕಷ್ಟ. ಇಂಡಿಯಿಂದ ತಿಂಗಳಿಗೊಮ್ಮೆ ವಕೀಲರ ಹತ್ತಿರ ಓಡಾಡುವ ಖರ್ಚು ಯಾರು ಕೊಡಬೇಕು?

ಇದು ನಮ್ಮ ಭಾಗಕ್ಕೆ ಬೆಂಗಳೂರಿಗಿಂತ ಹೆಚ್ಚು ತಟ್ಟುವ ವಿಷಯ ಎಂದು ನನ್ನ ಅನಿಸಿಕೆ. ಹಲಸಂಗಿಯಂತಹ ಊರಲ್ಲಿ ಪದವಿ ಮುಗಿಸಿದವರಿಗೆ ಐಟಿ ಪಾರ್ಕ್ ಇಲ್ಲ, ದೊಡ್ಡ ಕಾರ್ಖಾನೆ ಇಲ್ಲ. ಹೊಲ ಇದ್ದರೆ ಹೊಲ, ಮಳೆ ಬಂದರೆ ಬೆಳೆ. ಬಿಟ್ಟರೆ ಟ್ರಸ್ಟ್ ನಡೆಸುವ ಶಾಲೆ, ಸಂಘ ನಡೆಸುವ ಆಸ್ಪತ್ರೆ, ಜಲಾನಯನ, ಮಹಿಳಾ ಸಂಘ, ಮಕ್ಕಳ ಶಿಕ್ಷಣ ಅಂತ ಯೋಜನೆ ಹಿಡಿದು ಬರುವ ಎನ್‌ಜಿಒ. ಹೆಣ್ಣುಮಕ್ಕಳಿಗಂತೂ ಮನೆಯವರು ಸುಲಭವಾಗಿ ಒಪ್ಪುವ ಕೆಲಸ ಇವೇ.

ನನ್ನ ದೊಡ್ಡಪ್ಪನ ಮಗಳು ಹೀಗೆ ಒಂದು ಸಂಸ್ಥೆಯಲ್ಲಿ ಮೂರು ವರ್ಷ ಕ್ಷೇತ್ರ ಕಾರ್ಯಕರ್ತೆಯಾಗಿ ದುಡಿದಳು. ಹನ್ನೊಂದು ತಿಂಗಳಿಗೊಮ್ಮೆ ಒಂದು ಹಾಳೆಗೆ ಸಹಿ, ನಡುವೆ ಕೆಲವು ದಿನ 'ವಿರಾಮ', ಮತ್ತೆ ಸಹಿ. ವಿರಾಮದ ದಿನಗಳಲ್ಲೂ ಕೆಲಸ ಇದ್ದೇ ಇರುತ್ತಿತ್ತು. ಬರುತ್ತಿದ್ದುದಕ್ಕೆ ಸಂಬಳ ಅನ್ನುತ್ತಿರಲಿಲ್ಲ, ಗೌರವಧನ ಅನ್ನುತ್ತಿದ್ದರು. ದಿನಕ್ಕೆ ನಾಲ್ಕೈದು ಹಳ್ಳಿ ಸ್ಕೂಟಿಯ ಮೇಲೆ ತಿರುಗಬೇಕು. ಒಂದು ಮಳೆಗಾಲದಲ್ಲಿ ಜಾರಿ ಬಿದ್ದು ಕಾಲು ಮುರಿಯಿತು. ಆಸ್ಪತ್ರೆಯ ಬಿಲ್ಲು ದೊಡ್ಡಪ್ಪನೇ ಕಟ್ಟಿದ. ಎರಡು ತಿಂಗಳು ಮಲಗಿದಳು, ಆ ಎರಡು ತಿಂಗಳು ಏನೂ ಬರಲಿಲ್ಲ. ಎದ್ದು ಓಡಾಡುವಷ್ಟರಲ್ಲಿ ಯೋಜನೆ ಮುಗಿದಿದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ. 'ನೇಮಕಾತಿ ಪತ್ರ ಯಾಕ ಕೇಳಲಿಲ್ಲ ಅಕ್ಕಾ' ಅಂದರೆ ಅವಳು ಹೇಳಿದ್ದು: 'ಕಾಗದಾ ಕೇಳಿದ್ರ ಇಕಿಗೆ ಸೇವಾ ಮನೋಭಾವನೇ ಇಲ್ಲ ಅಂತಾರಪಾ ತಮ್ಮಾ.'

ಗೌರವಧನ ಎಂಬ ಶಬ್ದ ಎಷ್ಟು ಹಗುರ, ಎಷ್ಟು ಭಾರ! ಅಂಗನವಾಡಿ ಕಾರ್ಯಕರ್ತೆಯರು ಇದೇ ಶಬ್ದದ ಜತೆ ದಶಕಗಳ ಕಾಲ ಹೋರಾಡಿದ್ದಾರೆ. ಅವರದು ಸರ್ಕಾರಿ ಹುದ್ದೆ ಅಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದೂ ಕರ್ನಾಟಕದ್ದೇ ಪ್ರಕರಣದಲ್ಲಿ. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಕಾರ್ಯಕರ್ತೆಯರ ಪ್ರಕರಣದಲ್ಲಿ ಅದೇ ಕೋರ್ಟ್, ಹೆಸರು ಗೌರವಧನ ಎಂದಿದ್ದರೂ ಅದು ವೇತನವೇ, ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಖಾಸಗಿ ಶಾಲೆಗಳ ಶಿಕ್ಷಕರಿಗೂ 1997ರಿಂದ ಅನ್ವಯವಾಗುವಂತೆ ಗ್ರಾಚ್ಯುಟಿ ಇದೆ ಎಂದು ಎತ್ತಿಹಿಡಿಯಿತು. ಆಡಳಿತ ಮಂಡಳಿಗಳು ಹಣ ಇಲ್ಲ ಎಂದು ವಾದಿಸಿದ್ದವು.

ಇಲ್ಲೊಂದು ತಪ್ಪು ತಿಳಿವಳಿಕೆ ಹರಡುವ ಅಪಾಯ ಇದೆ. ಸೇವಾ ಸಂಸ್ಥೆ 'ಕೈಗಾರಿಕೆ' ಅಲ್ಲ ಎಂದಾಕ್ಷಣ ಅದಕ್ಕೆ ಯಾವ ಕಾನೂನೂ ಇಲ್ಲ ಎಂದಲ್ಲ. ಟ್ರಸ್ಟ್ ನಡೆಸುವ ಶಾಲೆಯಾಗಲಿ ಆಸ್ಪತ್ರೆಯಾಗಲಿ, 20 ಜನ ನೌಕರರಿದ್ದರೆ ಭವಿಷ್ಯನಿಧಿ ಕಟ್ಟಬೇಕು. ಖಾಸಗಿ ಶಾಲೆಯ ಶಿಕ್ಷಕರನ್ನು ವಜಾ ಮಾಡಬೇಕಾದರೆ ರಾಜ್ಯದ 1983ರ ಶಿಕ್ಷಣ ಕಾಯ್ದೆಯ ಪ್ರಕಾರ ವಿಚಾರಣೆ ನಡೆಸಬೇಕು, ಅನ್ಯಾಯವಾದರೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೂ ಸೊಸೈಟಿ, ಟ್ರಸ್ಟ್, ಎನ್‌ಜಿಒಗಳನ್ನು ಹೆಸರು ಹಿಡಿದೇ ಸೇರಿಸಿದೆ. ಹತ್ತು ಜನರಿದ್ದರೆ ಆಂತರಿಕ ಸಮಿತಿ ಕಡ್ಡಾಯ, ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡ. ಸಂಬಳವಿಲ್ಲದೆ ಸ್ವಯಂಸೇವಕಿಯಾಗಿ ಬಂದವಳೂ ಆ ಕಾಯ್ದೆಯ ಕಣ್ಣಿನಲ್ಲಿ ಉದ್ಯೋಗಿಯೇ, ಕೆಲಸಕ್ಕೆಂದು ಹೋದ ಹಳ್ಳಿಯೂ ಪ್ರಯಾಣಿಸಿದ ಜೀಪೂ ಕೆಲಸದ ಸ್ಥಳವೇ. ಹತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಯವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಈ ಕಾಯ್ದೆಗೆ ದಾರಿ ಮಾಡಿದ 1997ರ ವಿಶಾಖಾ ತೀರ್ಪಿನ ಹಿಂದೆ ಇದ್ದವರು ಭಂವರಿ ದೇವಿ. ಅವರೂ ಹಳ್ಳಿ ಹಳ್ಳಿ ತಿರುಗಿ ಬಾಲ್ಯವಿವಾಹ ತಡೆಯುತ್ತಿದ್ದ ರಾಜಸ್ಥಾನದ ಕ್ಷೇತ್ರ ಕಾರ್ಯಕರ್ತೆ ಎಂಬುದನ್ನು ನಾವು ಮರೆತಿದ್ದೇವೆ.

ಈಗ ಇನ್ನೊಂದು ಮಗ್ಗುಲು. ಸಂಸ್ಥೆ ನಡೆಸುವವರೆಲ್ಲ ಕೆಟ್ಟವರಲ್ಲ. ನಮ್ಮ ಕಾಕಾ ಒಂದು ಸಣ್ಣ ಸಂಘದ ಸಮಿತಿಯಲ್ಲಿದ್ದಾರೆ. ಸದಸ್ಯರೆಲ್ಲ ನಿವೃತ್ತ ಮಾಸ್ತರರು, ರೈತರು, ಒಬ್ಬ ಔಷಧಿ ಅಂಗಡಿಯವರು. ಕೈಯಿಂದಲೇ ಚಹಾದ ಖರ್ಚು ಹಾಕುವ ಜನ. ಇವರಿಗೆ ಸೊಸೈಟಿ ಕಾಯ್ದೆಯಂತೆ ಪ್ರತಿ ವರ್ಷ ಲೆಕ್ಕಪತ್ರ, ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕೆಂಬುದು ಗೊತ್ತು. ಆದರೆ ಭವಿಷ್ಯನಿಧಿ ಕಟ್ಟದೆ ಬಿಟ್ಟರೆ ವರ್ಷಗಳ ಬಾಕಿಯ ಮೇಲೆ ಶೇ 12ರ ಬಡ್ಡಿ, ಅದರ ಮೇಲೆ ದಂಡ ಬೀಳುತ್ತದೆಂಬುದು ಎಷ್ಟು ಸಮಿತಿಗಳಿಗೆ ಗೊತ್ತು? ಗೊತ್ತಾಗುವುದು ನೋಟಿಸ್ ಬಂದ ದಿನ. ಒಬ್ಬ ನೌಕರನನ್ನು ಸಿಟ್ಟಿನಲ್ಲಿ ಬಾಯಿಮಾತಿನಿಂದ ಬಿಡಿಸಿದ ಒಂದು ಸಂಜೆ ಇಡೀ ಸಂಘದ ಠೇವಣಿಯನ್ನು ತಿನ್ನಬಹುದು.

ಹಣ ಬರುವ ದಾರಿಯೂ ಇಕ್ಕಟ್ಟು. ದಾನಿಗಳು ಕೊಳವೆಬಾವಿಗೆ ಕೊಡುತ್ತಾರೆ, ಪುಸ್ತಕಕ್ಕೆ ಕೊಡುತ್ತಾರೆ, ಸಿಬ್ಬಂದಿಯ ಪಿಎಫ್‌ಗೆ ಕೊಡುವುದಿಲ್ಲ. ಕೊಟ್ಟವರ ಹೆಸರಿನ ಫಲಕ ಹಾಕಲು ಪಿಎಫ್ ಚಲನ್‌ನಲ್ಲಿ ಜಾಗವಿಲ್ಲ ನೋಡಿ! ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳು ಅದರಲ್ಲಿ ಆಡಳಿತ ವೆಚ್ಚಕ್ಕೆ ಶೇ 50ರವರೆಗೆ ಬಳಸಬಹುದಿತ್ತು. 2020ರ ಎಫ್‌ಸಿಆರ್‌ಎ ತಿದ್ದುಪಡಿ ಅದನ್ನು ಶೇ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆ ಪಡೆದ ಹಣವನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ಹಂಚುವುದನ್ನೂ ನಿಷೇಧಿಸಿತು. ಅದೇ ತಿಂಗಳು, ಸೆಪ್ಟೆಂಬರ್ 2020ರಲ್ಲಿ, ಬೆಂಗಳೂರಿನಲ್ಲಿ ಕಚೇರಿ ಇದ್ದ ಆಮ್ನೆಸ್ಟಿ ಇಂಡಿಯಾ ತನ್ನ ಬ್ಯಾಂಕ್ ಖಾತೆಗಳನ್ನು ಜಾರಿ ನಿರ್ದೇಶನಾಲಯ ಸ್ಥಗಿತಗೊಳಿಸಿದ ಮೇಲೆ ಕೆಲಸ ನಿಲ್ಲಿಸಿ ಸಿಬ್ಬಂದಿಯನ್ನು ಬಿಡಬೇಕಾಯಿತು. ಸಂಸ್ಥೆ ಸರಿಯೋ ಸರ್ಕಾರ ಸರಿಯೋ ಎಂಬ ವಾದ ಬೇರೆ. ಕೋವಿಡ್ ಕಾಲದಲ್ಲಿ ಕೆಲಸ ಹೋದದ್ದು ಅಲ್ಲಿ ದುಡಿಯುತ್ತಿದ್ದವರದು. ಸಂಸ್ಥೆಯ ಕಾನೂನು ತೊಡಕು ಮತ್ತು ನೌಕರನ ಬದುಕಿನ ತೊಡಕು ಬೇರೆ ಬೇರೆ ಅಲ್ಲ ಎನ್ನಲು ಇದೊಂದು ಉದಾಹರಣೆ ಸಾಕು.

ನಮ್ಮೂರಿನವನಾಗಿ ಒಂದು ಮಾತು ಹೇಳದೆ ಇರಲಾರೆ. ಹಲಸಂಗಿ ಹೆಸರು ಕನ್ನಡ ನಾಡಿಗೆ ಗೊತ್ತಿರುವುದು ಗೆಳೆಯರ ಗುಂಪಿನಿಂದ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರು ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರ ಹಾಡು ಬರೆದುಕೊಂಡರು, 1931ರಲ್ಲಿ 'ಗರತಿಯ ಹಾಡು' ಹೊರಬಂತು. ಅವರ ನಡುವೆ ಮಾಲೀಕನೂ ಇರಲಿಲ್ಲ, ನೌಕರನೂ ಇರಲಿಲ್ಲ. ಕೃಷ್ಣ ಅಯ್ಯರ್ ಅವರ ಅಳತೆಗೋಲಿನಲ್ಲೂ ಅದು ಖಂಡಿತ ಕೈಗಾರಿಕೆ ಆಗುತ್ತಿರಲಿಲ್ಲ. ಸಭೆಗಳಲ್ಲಿ ಹಿರಿಯರು ಆ ಗೆಳೆತನವನ್ನು ನೆನೆದು, ಈಗಿನವರಿಗೆ ಆ ತ್ಯಾಗ ಇಲ್ಲ ಎನ್ನುವುದುಂಟು. ಹೋಲಿಕೆ ಸರಿಯಲ್ಲ. ಗೆಳೆಯರು ತಮ್ಮ ಸಮಯವನ್ನು ತಾವೇ ಕೊಟ್ಟರು. ಬೆಳಿಗ್ಗೆ ಒಂಬತ್ತಕ್ಕೆ ಹಾಜರಿ ಹಾಕಿ, ತಿಂಗಳ ಕೊನೆಗೆ ವರದಿ ಒಪ್ಪಿಸಿ, ತಡವಾದರೆ ಬೈಸಿಕೊಳ್ಳುವವಳಿಂದ ಆ ತ್ಯಾಗ ಕೇಳುವುದು ಬೇರೆಯವರ ಕಿಸೆಯಿಂದ ದಾನ ಮಾಡಿದಂತೆ.

ಹೊಸ ಸಂಹಿತೆಗಳಲ್ಲಿ ಯೋಜನಾಧಾರಿತ ನೌಕರರಿಗೆ ಒಳ್ಳೆಯದೂ ಇದೆ. ನಿಗದಿತ ಅವಧಿಗೆ ನೇಮಕವಾದವರಿಗೆ ಐದು ವರ್ಷದ ಬದಲು ಒಂದು ವರ್ಷ ದುಡಿದರೂ ಗ್ರಾಚ್ಯುಟಿ ಸಿಗುತ್ತದೆ. ಮೂರು ವರ್ಷದ ಯೋಜನೆಯಲ್ಲಿ ದುಡಿಯುವವರಿಗೆ ಇದು ದೊಡ್ಡ ಬದಲಾವಣೆ, ಆದರೆ ಅವಧಿ ಕಾಗದದ ಮೇಲೆ ಇರಬೇಕು. ಹನ್ನೊಂದು ತಿಂಗಳ ಹಾಳೆ ಮತ್ತು 'ವಿರಾಮ'ದ ಆಟ ನಡೆಯುವಲ್ಲಿ ಈ ಸೌಲಭ್ಯ ಬಾಗಿಲ ತನಕ ಬಂದು ಮರಳುತ್ತದೆ. ಸಂಸ್ಥೆಗಳು ಯೋಜನೆಯ ಬಜೆಟ್ ಬರೆಯುವಾಗಲೇ ಪಿಎಫ್, ಗ್ರಾಚ್ಯುಟಿ, ಅಪಘಾತ ವಿಮೆಗೆ ಒಂದು ಸಾಲು ಸೇರಿಸಲಿ, ದಾನಿ ಅದನ್ನು ಹೊಡೆದುಹಾಕಿದರೆ ಕಾರಣವನ್ನೂ ಬರೆದುಕೊಡಲಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದರೆ 2 ಲಕ್ಷ ಸಿಗುತ್ತದೆ. ಅಕ್ಕನ ಮುರಿದ ಕಾಲಿನ ಬಿಲ್ಲಿಗೆ ಅದು ಬರುತ್ತಿರಲಿಲ್ಲ, ಅದಕ್ಕೆ ಬೇರೆ ಗುಂಪು ವಿಮೆ ಬೇಕು. ಆದರೆ ಸ್ಕೂಟಿಯ ಮೇಲೆ ಹಳ್ಳಿ ತಿರುಗಿಸುವ ಸಂಸ್ಥೆಗೆ ತಲೆಗೆ 20 ರೂಪಾಯಿ ಕಟ್ಟುವುದೂ ಹೊರೆಯೆ?

ಸಂಹಿತೆಯ ಆ ವ್ಯಾಖ್ಯೆಯಲ್ಲಿ 'ಬಹುಪಾಲು' ಎಂಬ ಮಾತಿನ ಮೇಲೆ ಮುಂದೆ ಜಗಳ ನಡೆಯುವುದು ಖಚಿತ. ದುಬಾರಿ ಶುಲ್ಕ ವಸೂಲಿ ಮಾಡುವ ಆಸ್ಪತ್ರೆ, ಶಾಲೆಗಳನ್ನು ನಡೆಸುವ ಟ್ರಸ್ಟ್‌ಗಳೂ ತಾವು ಪರೋಪಕಾರಿಗಳು ಎಂದು ಇದೇ ಬಾಗಿಲಿನಿಂದ ಹೊರನಡೆಯಲು ನೋಡಬಹುದು. ಎಷ್ಟು ಪಾಲು ಸೇವೆ ಇದ್ದರೆ ಬಹುಪಾಲು, ಅದನ್ನು ಅಳೆಯುವವರು ಯಾರು ಎಂಬುದನ್ನು ಸರ್ಕಾರ ನಿಯಮಗಳಲ್ಲಾದರೂ ಬಿಡಿಸಿ ಹೇಳಬೇಕು.

ನಮ್ಮ ಕಾಲೇಜಿನ ಹಿರಿಯ ವಿದ್ಯಾರ್ಥಿಗಳು ಕೆಲವರು ಈಗಾಗಲೇ ಕಂಪನಿಗಳ ಸಿಎಸ್‌ಆರ್ ಹಣದಲ್ಲಿ ನಡೆಯುವ ಫೌಂಡೇಷನ್‌ಗಳಿಗೆ ಸೇರಿದ್ದಾರೆ. ಹಳ್ಳಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುತ್ತಾರೆ, ನೀರಿನ ಮಟ್ಟ ಅಳೆಯುತ್ತಾರೆ. ನನಗೂ ಅಂಥ ಕೆಲಸದಲ್ಲಿ ಮನಸ್ಸಿದೆ. ಸಂದರ್ಶನದ ಕೊನೆಗೆ 'ನಿಮ್ಮದೇನಾದರೂ ಪ್ರಶ್ನೆ ಇದೆಯೆ' ಎಂದು ಕೇಳುತ್ತಾರಂತೆ. ಮೂರು ಬರೆದಿಟ್ಟುಕೊಂಡಿದ್ದೇನೆ: ನೇಮಕಾತಿ ಪತ್ರದಲ್ಲಿ ಅವಧಿ ಬರೆದಿರುತ್ತದೆಯೆ, ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ, ಕ್ಷೇತ್ರದಲ್ಲಿ ಬಿದ್ದರೆ ಆಸ್ಪತ್ರೆಗೆ ಯಾರು ಕಟ್ಟುತ್ತಾರೆ?